ಹಳೇ ತೊಲೆಯಲ್ಲಿ ಮಳೆ ಸಿಗುತ್ತದೆ ಸರಿ, ಗಾಳಿ ಸಿಗುತ್ತದಾ?

ಹಳೇತೊಲೆ (ಬಸವನಗುಡಿ)
ಎಲ್ಲರಿಗೂ ನಮಸ್ಕಾರ. ಹಳೇ ಮನೆಗಳನ್ನು ಒಡೆದಾಗ ಬರುವ ಮರ ಕೊಂಡು ಬಾಗಿಲು, ಮೇಜು ಮಾಡುವ ಸಣ್ಣ ವರ್ಕ್‌ಶಾಪ್ ನಮ್ಮದು. ಈಚೆಗೆ ಚಾಮರಾಜಪೇಟೆ ಕಡೆ ಒಂದು ಮದ್ರಾಸ್ ತಾರಸಿ ಮನೆ ಬಿಚ್ಚಿದರು. ಅದರ ತೇಗದ ತೊಲೆಗಳು ನಮ್ಮಲ್ಲಿಗೆ ಬಂದಿವೆ. ಒಂದರ ತುದಿ ಕುಯ್ದು, ಎಮರಿ ಪೇಪರ್ ಹಾಕಿ ಉಜ್ಜಿ ನೋಡಿದೆ. ಉಂಗುರಗಳು ಸ್ಪಷ್ಟವಾಗಿ ಎದ್ದುಬಂದವು. ಪ್ರತಿ ಉಂಗುರದ ಶುರುವಿನಲ್ಲೂ ಸೂಜಿಯಲ್ಲಿ ಚುಚ್ಚಿದ ಹಾಗೆ ತೂತುಗಳ ಸಾಲು. ಒಂದು ಕಡೆ ಉಂಗುರಗಳು ಅಗಲವಾಗಿವೆ, ಎದುರು ಕಡೆ ಒತ್ತೊತ್ತಾಗಿವೆ. ನಡುವೆ ಒಂದು ಕಡೆ ಏಳೆಂಟು ಗೆರೆ ಎಷ್ಟು ಸಣ್ಣ ಅಂದರೆ ಭೂತಗನ್ನಡಿ ಇಲ್ಲದೆ ಎಣಿಸೋಕೇ ಆಗಲ್ಲ.

ಹಳೇ ಮರ ನೋಡಿ ಹಿಂದಿನ ಮಳೆ, ಬರ ಹೇಳುತ್ತಾರೆ ಅಂತ ಓದಿದ್ದೆ. ಗಾಳಿಯನ್ನೂ ಹೇಳುತ್ತಾರಂತೆ. ಅದು ಹೇಗೆ? ಗಾಳಿ ಬೀಸಿತು, ಹೋಯಿತು. ಮರದೊಳಗೆ ಏನು ಉಳಿಯುತ್ತದೆ? ಈ ಅಗಲ ಕಡೆ, ಒತ್ತು ಕಡೆ ಅಂದೆನಲ್ಲ, ಅದೇ ಗಾಳಿಯ ದಿಕ್ಕಾ?

ಮೆಜೆಸ್ಟಿಕ್‌ಮಂಜ
ನಮ್ಮ ಬೀದಿಯಲ್ಲಿ ಗಾಳಿಯ ದಾಖಲೆ ಕಾರಿನ ಮೇಲೆ ಬಿದ್ದಿರುತ್ತೆ ಗುರು. ಪ್ರತಿ ಏಪ್ರಿಲ್, ಮೇ.

ಉಂಗುರಎಣಿಕೆ (ಮಲ್ಲೇಶ್ವರ)
ಹಳೇತೊಲೆ ಅವರೇ, ಮೊದಲು ನಿಮ್ಮ ಕೊನೇ ಪ್ರಶ್ನೆಗೆ ಬರುತ್ತೇನೆ. ತೊಲೆಯಲ್ಲಿ ಮರದ ತಿರುಳು, ಅಂದರೆ ಉಂಗುರಗಳೆಲ್ಲ ಸುತ್ತುವ ನಡುಬಿಂದು, ಇದೆಯಾ ನೋಡಿ. ದಿಮ್ಮಿಯನ್ನು ನಾಲ್ಕು ಸೀಳು ಮಾಡಿ ತೊಲೆ ತೆಗೆದಿದ್ದರೆ ಅಗಲ, ಒತ್ತು ಅನ್ನೋದಕ್ಕೆ ಅರ್ಥವೇ ಇಲ್ಲ. ಎಳೇ ವಯಸ್ಸಿನ ಉಂಗುರ ಸಾಮಾನ್ಯವಾಗಿ ಅಗಲ, ಮುದಿ ವಯಸ್ಸಿನದು ಸಣ್ಣ. ನೀವು ನೋಡುತ್ತಿರುವುದು ಅದೇ ಇರಬಹುದು.

ತಿರುಳು ಇದ್ದು, ಅದು ನಡುಮಧ್ಯದಲ್ಲಿಲ್ಲದೆ ಒಂದು ಪಕ್ಕಕ್ಕೆ ಸರಿದಿದ್ದರೆ ಆಗ ವಿಷಯ ಇದೆ. ಗಾಳಿ ಒಂದೇ ಕಡೆಯಿಂದ ವರ್ಷಗಟ್ಟಲೆ ತಳ್ಳಿದರೆ ಮರ ವಾಲುತ್ತದೆ. ನೆಟ್ಟಗಾಗಲು ಒಂದು ಮಗ್ಗುಲಲ್ಲಿ ಜಾಸ್ತಿ ಮರ ಕಟ್ಟಿಕೊಳ್ಳುತ್ತದೆ. ಪೈನ್, ದೇವದಾರು ಥರದ ಸೂಜಿ ಎಲೆ ಮರಗಳು ವಾಲಿದ ಕಡೆ, ಅಂದರೆ ಕೆಳಮಗ್ಗುಲಲ್ಲಿ ಗಟ್ಟಿ ಕೆಂಪು ಮರ ಕಟ್ಟಿಕೊಂಡು ಕಾಂಡವನ್ನು ಮೇಲಕ್ಕೆ ದೂಡುತ್ತವೆ. ತೇಗ, ಮತ್ತಿ, ಹೊನ್ನೆಯಂಥ ಅಗಲ ಎಲೆ ಮರಗಳು ಇದಕ್ಕೆ ಉಲ್ಟಾ. ಮೇಲ್ಮಗ್ಗುಲಲ್ಲಿ ಮರ ಕಟ್ಟಿಕೊಂಡು ಕಾಂಡವನ್ನು ಹಿಂದಕ್ಕೆ ಎಳೆಯುತ್ತವೆ. ಹಾಗಾಗಿ ಪಶ್ಚಿಮದ ಗಾಳಿಗೆ ಪೈನ್ ಮರದ ಅಗಲ ಉಂಗುರ ಪೂರ್ವಕ್ಕಿದ್ದರೆ, ತೇಗದಲ್ಲಿ ಸಾಮಾನ್ಯವಾಗಿ ಪಶ್ಚಿಮಕ್ಕೆ.

ಆದರೆ ಮರ ಬೆಟ್ಟದ ಇಳಿಜಾರಿನಲ್ಲಿದ್ದರೂ ಹೀಗೇ ಆಗುತ್ತದೆ. ಪಕ್ಕದ ದೊಡ್ಡ ಮರ ಬಿಸಿಲು ಮರೆಮಾಡಿ ಇದು ಬೆಳಕಿಗೆ ವಾಲಿದರೂ ಹೀಗೇ. ಅದಕ್ಕೇ ಒಂದು ಮರ ನೋಡಿ ಗಾಳಿ ಹೇಳುವುದಿಲ್ಲ. ಸಮತಟ್ಟು ಜಾಗದಲ್ಲಿ ಒಂದು ಗುಂಪು ಮರ ಬೇಕು, ಅವೆಲ್ಲ ಒಂದೇ ದಿಕ್ಕಿಗೆ ವಾಲಿರಬೇಕು. ಮುಖ್ಯ ಸಂಗತಿ, ಯಾವ ಮಗ್ಗುಲು ಉತ್ತರ, ಯಾವುದು ದಕ್ಷಿಣ ಅಂತ ಗೊತ್ತಿರಬೇಕು. ನಿಮ್ಮ ತೊಲೆ ಕಾಡಿನಲ್ಲಿ ನಿಂತಿದ್ದಾಗ ಯಾವ ಕಡೆ ಮುಖ ಮಾಡಿತ್ತು ಅಂತ ಕಡಿದವನಿಗೂ ನೆನಪಿರುವುದಿಲ್ಲ. ದಿಕ್ಕು ಅಲ್ಲೇ ಕಳೆದುಹೋಯಿತು. ಮಳೆ, ಬರ, ವರ್ಷದ ಲೆಕ್ಕ ಮಾತ್ರ ಇನ್ನೂ ತೊಲೆಯಲ್ಲೇ ಇದೆ.

ಪೇಟೆಪುಟ
ಹಾಗಾದರೆ ಆ ಏಳೆಂಟು ಸಣ್ಣ ಗೆರೆಗಳು ಧಾತು ಈಶ್ವರ ಬರದ್ದು ಯಾಕಾಗಿರಬಾರದು? ಧಾತು, ಈಶ್ವರ ಸಂವತ್ಸರ ಅಂದರೆ 1876ರಿಂದ 1878. ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನ ಸತ್ತರು ಅನ್ನುವ ಅಂದಾಜಿದೆ. ನಮ್ಮ ಅಜ್ಜಿಯ ಅಜ್ಜಿ ಕಾಲದ ಕಥೆಗಳಲ್ಲಿ ಹುಣಸೆ ಬೀಜ ಹುರಿದು ತಿಂದ ಮಾತು ಬರುತ್ತಿತ್ತು. ಅಂಥ ಬರ ಮರದಲ್ಲಿ ಬೀಳದೆ ಇರುತ್ತದಾ? ಬೆಂಗಳೂರಿನ ಹಳೇ ಮನೆಗಳ ತೊಲೆಗಳನ್ನೆಲ್ಲ ಒಟ್ಟು ಹಾಕಿದರೆ ನಮ್ಮೂರಿನ ಹವಾಮಾನದ ಇತಿಹಾಸವೇ ಸಿಗುತ್ತಲ್ವಾ?

ಉಂಗುರಎಣಿಕೆ (ಮಲ್ಲೇಶ್ವರ)
ಪೇಟೆಪುಟ ಮೇಡಂ, ಆ ಬರ ಮರಗಳಲ್ಲಿ ಬಿದ್ದಿದೆ, ಅದರಲ್ಲಿ ಅನುಮಾನ ಇಲ್ಲ. ಎಡ್ವರ್ಡ್ ಕುಕ್ ಮತ್ತು ಜೊತೆಗಾರರು 2010ರಲ್ಲಿ ಏಷ್ಯಾದ 300ಕ್ಕೂ ಹೆಚ್ಚು ಉಂಗುರ ಸರಣಿಗಳನ್ನು (ವರ್ಷವರ್ಷದ ಉಂಗುರದ ಅಗಲದ ಪಟ್ಟಿ) ಸೇರಿಸಿ ಸುಮಾರು 700 ವರ್ಷದ ಮುಂಗಾರು ಬರಗಳ ನಕ್ಷೆ ಮಾಡಿದರು. 1876–78 ಅದರಲ್ಲಿ ಎದ್ದು ಕಾಣುವ ಬರಗಳಲ್ಲೊಂದು. ಅದಕ್ಕೂ ಮುಂಚಿನ 1756–68ರ ಬರವೂ ಇದೆ, 1790ರ ದಶಕದ್ದೂ ಇದೆ. ನಮಗೆ ಹತ್ತಿರದ್ದು ಬೇಕೆಂದರೆ ಕೇರಳದ ತೇಗ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಬೋರ್ಗಾಂವ್ಕರ್ ತಂಡ 1481ರಿಂದ 2003ರವರೆಗೆ, 523 ವರ್ಷದ ಸರಣಿ ಕಟ್ಟಿದೆ. ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ಕೆಲವು ವರ್ಷಕ್ಕೊಮ್ಮೆ ಬಿಸಿಯೇರುವುದು) ಕಾಟ ಕೊಟ್ಟು ಮಳೆ ಕೈಕೊಟ್ಟ ವರ್ಷಗಳಲ್ಲಿ ತೇಗ ಸೊರಗಿದ್ದು ಅದರಲ್ಲಿ ಕಾಣುತ್ತದೆ.

ತೊಡಕು ಇರುವುದು ನಿಮ್ಮ "ನಮ್ಮೂರಿನ" ಅನ್ನುವ ಮಾತಿನಲ್ಲಿ. ಬೆಂಗಳೂರಿನ ಹಳೇ ಮನೆಗಳಿಗೆ ತೇಗ ಎಲ್ಲಿಂದ ಬಂತು? ಸ್ವಲ್ಪ ಮಲೆನಾಡಿನಿಂದ, ಸ್ವಲ್ಪ ಕೇರಳದ ಕಡೆಯಿಂದ. ಬರ್ಮಾ ತೇಗವೂ ಬೇಕಾದಷ್ಟು ಬಂತು. ಬರ್ಮಾದ್ದಾದರೆ ಅದು ಐರಾವತಿ ನದಿ ಸೀಮೆಯ ಮಳೆ ಹೇಳುತ್ತದೆ, ಬಸವನಗುಡಿಯದ್ದಲ್ಲ. ಇನ್ನೊಂದು ವಿಷಯ. ಬರ್ಮಾದಲ್ಲಿ ತೇಗವನ್ನು ಹಸಿಯಾಗಿ ಕಡಿಯುತ್ತಿರಲಿಲ್ಲ. ಬುಡದ ಸುತ್ತ ತೊಗಟೆ ಸೀಳಿ, ನಿಂತಲ್ಲೇ ಎರಡು ಮೂರು ವರ್ಷ ಒಣಗಿಸುತ್ತಿದ್ದರು. ದಿಮ್ಮಿಗಳನ್ನು ಹೊಳೆಯಲ್ಲಿ ತೇಲಿಸಿ ಸಾಗಿಸಬೇಕಿತ್ತು; ಹಸಿ ತೇಗ ನೀರಿನಲ್ಲಿ ತೇಲುವುದಿಲ್ಲ, ಒಣಗಿದ್ದು ತೇಲುತ್ತದೆ. ಹಾಗಾಗಿ ಕೊನೇ ಉಂಗುರದ ವರ್ಷವೇ ಕಡಿದ ವರ್ಷ ಅಂತ ಹೇಳಲೂ ಆಗುವುದಿಲ್ಲ. ಅದರ ಮೇಲೆ ನಮ್ಮ ಆಚಾರ್ರು ಹುಳ ಹಿಡಿಯುತ್ತದೆ ಅಂತ ಹೊರಗಿನ ಬಿಳಿ ಭಾಗ ಪೂರ್ತಿ ಕೆತ್ತಿ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಮಾತ್ರ ಉಳಿಸುತ್ತಾರೆ. ಎಷ್ಟು ವರ್ಷ ಕೆತ್ತಿ ಹೋಯಿತೋ ಯಾರಿಗೆ ಗೊತ್ತು.

ಹಳೇತೊಲೆ (ಬಸವನಗುಡಿ)
ಸರ್, ಹಾಗಾದರೆ ಕಾರ್ಬನ್ ಪರೀಕ್ಷೆ ಮಾಡಿಸಿದರೆ ವರ್ಷ ಸಿಗಲ್ವಾ?

ಉಂಗುರಎಣಿಕೆ (ಮಲ್ಲೇಶ್ವರ)
ಈ ಕಾಲದ ಮರಕ್ಕೆ ಅದು ಹೆಚ್ಚು ಪ್ರಯೋಜನ ಇಲ್ಲ. ಸುಮಾರು 1650ರಿಂದ 1950ರವರೆಗೆ ಗಾಳಿಯಲ್ಲಿದ್ದ ಕಾರ್ಬನ್-14 (ಕಾಲ ಕಳೆದಂತೆ ಕರಗುವ ಕಾರ್ಬನ್, ಪರೀಕ್ಷೆಯಲ್ಲಿ ಅಳೆಯುವುದು ಇದನ್ನೇ) ಏರಿಳಿದು, ಬೇರೆ ಬೇರೆ ವರ್ಷಗಳಿಗೆ ಒಂದೇ ಉತ್ತರ ಬರುತ್ತದೆ. 1690 ಇರಬಹುದು, 1800 ಇರಬಹುದು, 1900ರ ಆಸುಪಾಸೂ ಇರಬಹುದು ಅನ್ನುತ್ತದೆ. ದುಡ್ಡು ದಂಡ. ಉಂಗುರ ಹೊಂದಿಸುವುದೇ ದಾರಿ. ಸಣ್ಣ, ದೊಡ್ಡ, ಸಣ್ಣ, ಸಣ್ಣ ಅನ್ನುವ ಸಾಲನ್ನು ಗೊತ್ತಿರುವ ಸರಣಿಯ ಮೇಲಿಟ್ಟು ಎಲ್ಲಿ ಕೂರುತ್ತದೆ ನೋಡಬೇಕು. ಕೇರಳದ ಸರಣಿಗೆ ಕೂತರೆ ಈ ಕಡೆಯ ಮರ, ಮ್ಯಾನ್ಮಾರ್ ಸರಣಿಗೆ ಕೂತರೆ ಆ ಕಡೆಯದು. ಊರೂ ವರ್ಷವೂ ಒಟ್ಟಿಗೇ ಸಿಗುತ್ತವೆ. ಆದರೆ ತೊಲೆಯಲ್ಲಿ ನೂರರ ಹತ್ತಿರ ಉಂಗುರವಾದರೂ ಇರಬೇಕು.

ಅಂದ ಹಾಗೆ, ಮನೆ ತೊಲೆಯಿಂದ ವರ್ಷ ಹೇಳುವ ಕೆಲಸ ಹೊಸದೇನಲ್ಲ. ಅಮೆರಿಕದ ಅರಿಜೋನಾದಲ್ಲಿ ಎ. ಇ. ಡಗ್ಲಾಸ್ ಅನ್ನುವ ಖಗೋಳ ವಿಜ್ಞಾನಿ ಸೂರ್ಯನ ಕಲೆಗಳ ಚಕ್ರ ಮರದಲ್ಲಿ ಸಿಗುತ್ತದಾ ಅಂತ ಹುಡುಕಲು ಹೊರಟವರು. ಮೂಲನಿವಾಸಿಗಳ ಪಾಳು ಮನೆಗಳ ತೊಲೆಗಳಿಂದ ಒಂದು ಸರಣಿ ಸಿಕ್ಕಿತ್ತು, ಬದುಕಿರುವ ಮರಗಳಿಂದ ಇನ್ನೊಂದು. ನಡುವೆ ಕೊಂಡಿ ಇರಲಿಲ್ಲ. 1929ರಲ್ಲಿ ಅರ್ಧ ಸುಟ್ಟ ಒಂದು ತೊಲೆ ಸಿಕ್ಕಿ ಎರಡೂ ಕೂಡಿಕೊಂಡವು. ಅದಕ್ಕೆ ಎಚ್‌ಎಚ್-39 ಅಂತ ನಂಬರ್ ಹಾಕಿದ್ದರು. ಒಂದೇ ದಿನದಲ್ಲಿ ಎಷ್ಟೋ ಪಾಳು ಊರುಗಳಿಗೆ ಇಸವಿ ಬಂತು.

ಅನುಮಾನರಾಯ
ವರ್ಷ ಸರಿ, ಬರ ಸರಿ. ಆದರೆ ಗಾಳಿ? ಮೇಲೆ ನೀವೇ ದಿಕ್ಕು ಕಳೆದುಹೋಯಿತು ಅಂದಿರಿ. ಹಾಗಿದ್ದೂ ಸಾವಿರಾರು ವರ್ಷದ ಹಿಂದಿನ ಗಾಳಿ ಹೀಗಿತ್ತು ಅಂತ ಪತ್ರಿಕೆಗಳಲ್ಲಿ ಬರುತ್ತದೆ. ಜ್ಯೋತಿಷ್ಯಕ್ಕೂ ಇದಕ್ಕೂ ಏನು ವ್ಯತ್ಯಾಸ ಸ್ವಾಮಿ?

ಆಷಾಢಗಾಳಿ (ಹೆಬ್ಬಾಳ)
ಅನುಮಾನ ಪಡೋದು ತಪ್ಪಲ್ಲ, ಆದರೆ ಇದು ಲೆಕ್ಕ. ನಾನು ಹವಾಮಾನ ಓದಿಕೊಂಡವಳು, ಮರದ ವಿಷಯ ಅವರಷ್ಟು ಗೊತ್ತಿಲ್ಲ. ಗಾಳಿ ಭಾಗ ಹೇಳುತ್ತೇನೆ.

ದೊಡ್ಡ ಗಾಳಿಗಳು ಒಬ್ಬೊಬ್ಬರಿಗೆ ಒಂದೊಂದು ತರುತ್ತವೆ. ನಮ್ಮ ಆಷಾಢದ ಗಾಳಿಯನ್ನೇ ನೋಡಿ. ಸೊಮಾಲಿಯಾ ಕರಾವಳಿಯಿಂದ ಅರಬ್ಬಿ ಸಮುದ್ರ ದಾಟಿ, ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಒಂದು ಬಿರುಸಾದ ಗಾಳಿ ಪ್ರವಾಹ ಬರುತ್ತದೆ. ಅದು ಆಗುಂಬೆಯಲ್ಲಿ ಮಳೆ ಸುರಿಸುತ್ತದೆ. ಘಟ್ಟ ದಾಟಿ ಬೆಂಗಳೂರಿಗೆ ಬರುವಾಗ ಧೂಳು, ತಂಪು, ಒಣಹಾಕಿದ ಬಟ್ಟೆ ಹಾರಿಸುವುದು ಇಷ್ಟೇ. ಗಾಳಿ ಒಂದೇ, ಎರಡು ಊರಿನ ಮರಕ್ಕೆ ಸಿಗುವುದು ಬೇರೆ ಬೇರೆ. ಈ ವ್ಯತ್ಯಾಸದಿಂದ ಹಿಂದಕ್ಕೆ ಲೆಕ್ಕ ಹಾಕಿ ಗಾಳಿ ಹಿಡಿಯುತ್ತಾರೆ.

ಯುರೋಪಿನ ಉದಾಹರಣೆ ಸ್ಪಷ್ಟವಾಗಿದೆ. ಅಟ್ಲಾಂಟಿಕ್ ಮೇಲಿನ ಜೆಟ್ ಪ್ರವಾಹ (ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಸು ಗಾಳಿ) ಬೇಸಿಗೆಯಲ್ಲಿ ಉತ್ತರಕ್ಕೆ ಸರಿದರೆ ಬ್ರಿಟನ್ ಕಡೆ ಸೆಖೆ, ಬಾಲ್ಕನ್ ಕಡೆ ತಂಪು. ದಕ್ಷಿಣಕ್ಕೆ ಸರಿದರೆ ಇದರ ಉಲ್ಟಾ, ಬಾಲ್ಕನ್ನಿನಲ್ಲಿ ಸೆಖೆ, ಕಾಡ್ಗಿಚ್ಚು. ವ್ಯಾಲೆರಿ ಟ್ರೌಯೆ ತಂಡ ಎರಡೂ ಕಡೆಯ ಮರಗಳನ್ನು ಒಟ್ಟಿಗೆ ಓದಿ, 1725ರಿಂದ ಈಚೆಗೆ ಜೆಟ್ ಪ್ರತಿ ಬೇಸಿಗೆ ಎಲ್ಲಿತ್ತು ಅಂತ ಲೆಕ್ಕ ಹಾಕಿತು. 2018ರಲ್ಲಿ ಪ್ರಕಟವಾಯಿತು. 1960ರ ದಶಕದ ನಂತರ ಜೆಟ್ ಮೊದಲಿಗಿಂತ ಜಾಸ್ತಿ ಓಲಾಡುತ್ತಿದೆ ಅನ್ನುವುದು ಅದರಲ್ಲಿ ಸಿಕ್ಕ ಫಲಿತಾಂಶ. ಬ್ರಿಟನ್ನಿನ ಮರ ಒಂದನ್ನೇ ನೋಡಿದ್ದರೆ "ಸೆಖೆ ಇತ್ತು" ಅಂತ ಹೇಳಬಹುದಿತ್ತು, ಅಷ್ಟೇ. ಎದುರು ಕಡೆಯ ಮರ "ಇಲ್ಲಿ ತಂಪಿತ್ತು" ಅಂದಾಗ ನಡುವಿನ ಗಾಳಿ ಹೊರಬರುತ್ತದೆ.

ಇದೇ ಟ್ರೌಯೆ ಅವರ 2016ರ ಇನ್ನೊಂದು ಕೆಲಸ ನನಗೆ ತುಂಬಾ ಇಷ್ಟ. ಫ್ಲಾರಿಡಾದ ತುದಿಯ ದ್ವೀಪಗಳಲ್ಲಿ ಚಂಡಮಾರುತ ಬಂದ ವರ್ಷ ಪೈನ್ ಮರ ಸೊರಗಿ ಉಂಗುರ ಸಣ್ಣದಾಗುತ್ತದೆ. ಆದರೆ ಅಲ್ಲಿನ ಮರಗಳ ಸರಣಿ 1707ಕ್ಕೆ ನಿಂತುಬಿಡುತ್ತದೆ. ಅದಕ್ಕಿಂತ ಹಿಂದಕ್ಕೆ ಹೋಗಲು ಕೆರಿಬಿಯನ್‌ನಲ್ಲಿ ಮುಳುಗಿದ ಸ್ಪೇನ್ ಹಡಗುಗಳ ಪಟ್ಟಿ ತೆಗೆದುಕೊಂಡರು. ಮರ ಸೊರಗಿದ ವರ್ಷಕ್ಕೂ ಹಡಗು ಮುಳುಗಿದ ವರ್ಷಕ್ಕೂ ತಾಳೆ ಆಯಿತು. 1645ರಿಂದ 1715ರವರೆಗೆ, ಸೂರ್ಯನ ಮೇಲೆ ಕಲೆಗಳೇ ಅಪರೂಪವಾಗಿದ್ದ ಕಾಲದಲ್ಲಿ, ಚಂಡಮಾರುತಗಳು ಶೇ. 75ರಷ್ಟು ಕಡಿಮೆಯಾಗಿದ್ದವು ಅಂತ ಹೊರಬಂತು. ಜ್ಯೋತಿಷ್ಯದಲ್ಲಿ ಹೀಗೆ ಇನ್ನೊಂದು ದಾಖಲೆ ಇಟ್ಟು ತಾಳೆ ನೋಡುತ್ತಾರಾ ಹೇಳಿ.

ಅನುಮಾನರಾಯ
ಹಡಗಿನ ಪಟ್ಟಿ ಒಪ್ಪಿದೆ. ಮುಂಗಾರು ಗಾಳಿಗೆ ಇಂಥದ್ದು ಇದೆಯಾ?

ಆಷಾಢಗಾಳಿ (ಹೆಬ್ಬಾಳ)
ಇದೆ, ಆದರೆ ಮರದಲ್ಲಲ್ಲ. ಒಮಾನ್ ಕರಾವಳಿಯ ಸಮುದ್ರತಳದ ಕೆಸರಿನಲ್ಲಿ. ಮುಂಗಾರು ಗಾಳಿ ಜೋರಾದಷ್ಟೂ ಅಲ್ಲಿ ಆಳದ ತಣ್ಣೀರು ಮೇಲೆ ಬರುತ್ತದೆ, ಅದರಲ್ಲಿ ಬೆಳೆಯುವ ಒಂದು ಜಾತಿಯ ಸೂಕ್ಷ್ಮ ಚಿಪ್ಪುಜೀವಿ ಹೆಚ್ಚುತ್ತದೆ. ಚಿಪ್ಪು ಎಣಿಸಿದರೆ ಗಾಳಿಯ ಬಿರುಸು ಸಿಗುತ್ತದೆ. ಅನಿಲ್ ಗುಪ್ತ ಮತ್ತು ಜೊತೆಗಾರರು 2003ರಲ್ಲಿ ಇದನ್ನು ಪ್ರಕಟಿಸಿದರು. ಮುಂಗಾರಿನ ಗಾಳಿಗೆ ಕೆಸರು, ಮಳೆಗೆ ಮರ. ಎರಡನ್ನೂ ಜೋಡಿಸಿ ಓದಬೇಕು.

ಮರದಲ್ಲೂ ಒಂದು ಸುಳಿವಿದೆ. ಉಂಗುರದ ಅಗಲ ಬಿಡಿ, ಅದರ ನಾರಿನಲ್ಲಿರುವ ಆಮ್ಲಜನಕದ ಭಾರದ ರೂಪ ಎಷ್ಟು, ಹಗುರ ರೂಪ ಎಷ್ಟು ಅಂತ ಅಳೆಯುತ್ತಾರೆ. ನೈಋತ್ಯದ ಮಳೆ ನೀರಿಗೂ ಹಿಂಗಾರಿನ ನೀರಿಗೂ ಈ ಪ್ರಮಾಣ ಬೇರೆ ಇರುತ್ತದೆ. ತೇಗದ ಒಂದು ಉಂಗುರವನ್ನು ತೆಳ್ಳಗೆ ಹೋಳು ಹೋಳು ಮಾಡಿದರೆ ಒಂದೇ ವರ್ಷದೊಳಗಿನ ಬದಲಾವಣೆಯೂ ಕಾಣುತ್ತದೆ. ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ಆರ್. ರಮೇಶ್ ಅವರ ಗುಂಪು ಈ ಕೆಲಸ ವರ್ಷಗಟ್ಟಲೆ ಮಾಡಿತು. ನನ್ನ ಪ್ರಕಾರ ಹಳೇತೊಲೆ ಅವರ ಮರದಲ್ಲಿ ಗಾಳಿಗೆ ಅತಿ ಹತ್ತಿರ ಹೋಗುವ ದಾರಿ ಇದೊಂದೇ. ದಿಕ್ಕು ಗೊತ್ತಿಲ್ಲದಿದ್ದರೂ, ಬಿದ್ದ ಮಳೆ ಯಾವ ಗಾಳಿ ತಂದದ್ದು ಅಂತ ಊಹಿಸಬಹುದು. ಮರ ಬೆಳೆದ ಊರು ಮಾತ್ರ ಗೊತ್ತಿರಬೇಕು.

ಮೆಜೆಸ್ಟಿಕ್‌ಮಂಜ
ತಮಾಷೆ ಬಿಟ್ಟು ಕೇಳ್ತೀನಿ ಮೇಡಂ. ನಮ್ಮ ಬೀದಿ ಮಳೆಮರಗಳನ್ನು ಕುಯ್ದರೆ?

ಉಂಗುರಎಣಿಕೆ (ಮಲ್ಲೇಶ್ವರ)
ಅವುಗಳಲ್ಲಿ ವರ್ಷಕ್ಕೊಂದು ಅಂತ ನಂಬುವಂಥ ಉಂಗುರ ಸಿಗುವುದು ಕಷ್ಟ. ಅದರ ಜೊತೆ ಬೆಂಗಳೂರಿನಲ್ಲಿ ಮುಂಗಾರಿನಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ಎರಡೂ ಕಡೆ ತಳ್ಳಿಸಿಕೊಂಡ ಮರ ವಾಲುವುದು ಕೊಂಬೆ ಕಡಿದವರ ದೆಸೆಯಿಂದ, ಬೇರಿನ ಮೇಲೆ ಕಾಂಕ್ರೀಟ್ ಸುರಿದವರ ದೆಸೆಯಿಂದ.

ದೂರದೇಶ
ಯಾರೂ ಕೌರಿ ಮರದ ವಿಷಯ ಎತ್ತಲಿಲ್ಲ, ಆಶ್ಚರ್ಯ. ಗಾಳಿ ಅಂದರೆ ಅದನ್ನೇ ಮೊದಲು ಹೇಳಬೇಕು. ನ್ಯೂಜಿಲೆಂಡಿನ ಉತ್ತರ ಭಾಗದ ಜೌಗು ನೆಲದಲ್ಲಿ ಸಾವಿರಾರು ವರ್ಷದಿಂದ ಹೂತಿರುವ ಕೌರಿ ದಿಮ್ಮಿಗಳಿವೆ. ನೀರು ತುಂಬಿದ ಮಣ್ಣಿನಲ್ಲಿ ಆಮ್ಲಜನಕ ಇಲ್ಲ, ಹಾಗಾಗಿ ಕೊಳೆಯಲಿಲ್ಲ. ಕಲ್ಲೂ ಆಗಿಲ್ಲ, ಇನ್ನೂ ಮರವೇ. ಗರಗಸ ಹಾಕಿ ಕುಯ್ದು ಮೇಜು ಮಾಡಿ ಮಾರುವವರಿದ್ದಾರೆ.

ಕೌರಿ ಎಲ್ ನಿನೋ ವರ್ಷಗಳಲ್ಲಿ ಅಗಲ ಉಂಗುರ ಹಾಕುತ್ತದೆ. ಆಗ ಅಲ್ಲಿ ನೈಋತ್ಯದ ಗಾಳಿ ಜಾಸ್ತಿ ಬೀಸುತ್ತದೆ, ತಂಪಾಗಿ ಒಣಗಿರುತ್ತದೆ. ಆಂಟನಿ ಫೌಲರ್ ತಂಡ ಇದನ್ನೇ ಹಿಡಿದು 700 ವರ್ಷದ ಎಲ್ ನಿನೋ ಏರಿಳಿತ ತೋರಿಸಿತು. ನಮ್ಮ ಮುಂಗಾರು ಹಾಳುಮಾಡುವ ಅದೇ ಎಲ್ ನಿನೋ. ಕೇರಳದ ತೇಗ ಸೊರಗುವಾಗ ಅಲ್ಲಿ ಕೌರಿ ಕೊಬ್ಬುತ್ತದೆ.

ಎಲ್ಲಕ್ಕಿಂತ ದೊಡ್ಡದು 2019ರಲ್ಲಿ ಸಿಕ್ಕಿತು. ಭೂಶಾಖದಿಂದ ವಿದ್ಯುತ್ ತೆಗೆಯುವ ಸ್ಥಾವರಕ್ಕೆ ನೆಲ ಅಗೆಯುವಾಗ 16 ಮೀಟರ್ ಉದ್ದದ ದಿಮ್ಮಿ ಎದುರಾಯಿತು. ಅದು ಸುಮಾರು 42,000 ವರ್ಷದ ಹಿಂದಿನದು, ಸುಮಾರು 1,700 ವರ್ಷ ಬಾಳಿದ ಮರ. ಅದು ಬದುಕಿದ್ದ ಕಾಲದಲ್ಲೇ ಭೂಮಿಯ ಕಾಂತಕ್ಷೇತ್ರ ಸೊರಗಿ, ಸ್ವಲ್ಪ ಕಾಲ ಉಲ್ಟಾ ಹೊಡೆದು, ಮತ್ತೆ ಸರಿಹೋಯಿತು. ಆಕಾಶದಿಂದ ಬರುವ ಕಿರಣಗಳು ಹೆಚ್ಚಿ, ಗಾಳಿಯಲ್ಲಿ ಕಾರ್ಬನ್-14 ಏರಿದ್ದು ಆ ಮರದ ಉಂಗುರಗಳಲ್ಲಿ ದಾಖಲಾಗಿದೆ. ಅಲನ್ ಕೂಪರ್, ಕ್ರಿಸ್ ಟರ್ನಿ ತಂಡ 2021ರಲ್ಲಿ ಬರೆದ ಪ್ರಕಾರ, ಇದರಿಂದ ಓಝೋನ್ ಕೆಟ್ಟು ದಕ್ಷಿಣ ಗೋಳದ ಪಡುವಣ ಗಾಳಿಗಳೇ ಜಾಗ ಬದಲಿಸಿದವು, ಪ್ರಾಣಿಗಳು ನಾಶವಾದವು.

ಅನುಮಾನರಾಯ
ನೋಡಿ, ಇಲ್ಲಿ ನನಗೆ ಮತ್ತೆ ತುರಿಕೆ ಶುರು. ಕಾರ್ಬನ್ ಏರಿದ್ದು ಮರದಲ್ಲಿದೆ ಸರಿ. ಗಾಳಿ ಸರಿದದ್ದು ಮರದಲ್ಲಿದೆಯಾ?

ಆಷಾಢಗಾಳಿ (ಹೆಬ್ಬಾಳ)
ಇಲ್ಲ. ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಮರ ಕೊಟ್ಟದ್ದು ಕಾಲದ ಲೆಕ್ಕ ಮತ್ತು ಕಾರ್ಬನ್. ಗಾಳಿ ಬದಲಾಯಿತು ಅನ್ನುವುದಕ್ಕೆ ಕಂಪ್ಯೂಟರ್ ಮಾದರಿ ಮತ್ತು ಬೇರೆ ಕಡೆಯ ಕೆಸರು, ಹಿಮದ ದಾಖಲೆಗಳನ್ನು ಜೋಡಿಸಿದ್ದಾರೆ. ಪ್ರಾಣಿಗಳ ನಾಶದ ಮಾತನ್ನು ಬೇರೆ ವಿಜ್ಞಾನಿಗಳು ಅದೇ ವರ್ಷ ಬಲವಾಗಿ ಪ್ರಶ್ನಿಸಿದರು. ಕಾರ್ಬನ್ ಭಾಗ ಗಟ್ಟಿ, ಗಾಳಿ ಭಾಗ ಸಾಧ್ಯತೆ, ನಾಶದ ಭಾಗ ನನಗೆ ಒಪ್ಪಿಗೆ ಇಲ್ಲ. ಪತ್ರಿಕೆಗಳು ಮೂರನ್ನೂ ಕಲಸಿ ಒಂದೇ ತಟ್ಟೆಗೆ ಬಡಿಸಿದವು. ಎಲ್ ನಿನೋ ಗಾಳಿಗೆ ಕೌರಿ ಸಾಕ್ಷಿ ಹೇಳುವುದು ಬೇರೆ. ಅಲ್ಲಿ ಇವತ್ತು ಬದುಕಿರುವ ಮರಗಳನ್ನು ಹವಾಮಾನ ಕೇಂದ್ರದ ಅಳತೆಗೆ ಹೋಲಿಸಿ ನೋಡಿದ್ದಾರೆ.

ಪೇಟೆಪುಟ
ಲಾಲ್‌ಬಾಗಿನಲ್ಲಿ ಒಂದು ಪಳೆಯುಳಿಕೆ ಮರ ಇಟ್ಟಿದ್ದಾರಲ್ಲ, 2 ಕೋಟಿ ವರ್ಷದ್ದು ಅಂತ. ಅದನ್ನು ಓದಬಹುದಾ?

ಉಂಗುರಎಣಿಕೆ (ಮಲ್ಲೇಶ್ವರ)
ಅದು ತಮಿಳುನಾಡಿನ ತಿರುವಕ್ಕರೈನಿಂದ ಬಂದದ್ದು, ಪೂರ್ತಿ ಕಲ್ಲಾಗಿದೆ. ನಾರಿನ ಜಾಗದಲ್ಲಿ ಸಿಲಿಕಾ ಕೂತಿದೆ. ಯಾವ ಜಾತಿ, ಕೋಶಗಳ ರಚನೆ ಏನು ಅಂತ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಕಾರ್ಬನ್-14 ಮುಟ್ಟುವುದು ಹೆಚ್ಚೆಂದರೆ 50,000 ವರ್ಷ, ಹಾಗಾಗಿ ಆ ದಾರಿ ಮುಚ್ಚಿದೆ. ಎಲ್ಲಿ ಬೆಳೆದು, ಯಾವ ಹೊಳೆಯಲ್ಲಿ ಕೊಚ್ಚಿ ಬಂತೋ, ಗಾಳಿಯ ಮಾತಂತೂ ಇಲ್ಲವೇ ಇಲ್ಲ.

ಬಾವಿಕಟ್ಟೆ (ವಿಜಯನಗರ, ಊರು ಉಡುಪಿ ಕಡೆ)
ನಮ್ಮ ಊರಲ್ಲಿ ಗದ್ದೆ ಬದಿ ಬಾವಿ ತೋಡುವಾಗ ಕೆಳಗೆ ಕಪ್ಪು ಮರದ ತುಂಡು ಸಿಕ್ಕಿತ್ತು ಮಾರಾಯ್ರೇ, ಕಪ್ಪು ಕೆಸರಿನ ನಡುವೆ. ಕೆಲಸದವರು ಬಿಸಿಲಿಗೆ ಎಸೆದರು. ವಾರದಲ್ಲಿ ಒಡೆದು ಚೂರಾಯಿತು. ಮತ್ತೆ ಅದನ್ನು ಬಚ್ಚಲು ಒಲೆಗೆ ಹಾಕಿದ್ದು. ಅದೂ ಇಂಥದ್ದೇ ಆಗಿತ್ತೋ ಏನೋ. ಈ ವರ್ಷ ಪಕ್ಕದಲ್ಲೇ ಇನ್ನೊಂದು ಬಾವಿ ತೋಡುವುದುಂಟು.

ಉಂಗುರಎಣಿಕೆ (ಮಲ್ಲೇಶ್ವರ)
ಅಯ್ಯೋ, ಬಚ್ಚಲು ಒಲೆಗಾ! ದಕ್ಷಿಣ ಕೇರಳದ ಕರಾವಳಿಯಲ್ಲಿ ಹೀಗೇ ಬಾವಿ, ಗದ್ದೆ ಅಗೆದಾಗ ಸಿಕ್ಕ ದಿಮ್ಮಿಗಳಲ್ಲಿ ಕೆಲವಕ್ಕೆ ಕೆಲವು ಸಾವಿರ ವರ್ಷ, ಕೆಲವಕ್ಕೆ 40,000 ವರ್ಷಕ್ಕೂ ಮೇಲೆ ವಯಸ್ಸು ಬಂದಿದೆ. ನಿತ್ಯಹಸಿರು ಕಾಡಿನ ಮರಕ್ಕೆ ಉಂಗುರ ಇರುವುದು ಅಪರೂಪ, ಆದರೂ ಜಾತಿ ಗೊತ್ತಾದರೆ ಆಗ ಎಂಥ ಕಾಡಿತ್ತು, ಎಷ್ಟು ಮಳೆಯಿತ್ತು ಅಂತ ಅಂದಾಜು ಸಿಗುತ್ತದೆ. ಜಾತಿ ಗುರುತಿಸುವ ಕೆಲಸ ಇಲ್ಲೇ ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯಲ್ಲಿ ನಡೆಯುತ್ತದೆ.

ಮರಕ್ಕಿಂತ ಸುತ್ತಲಿನ ಕಪ್ಪು ಕೆಸರಿಗೇ ಬೆಲೆ ಜಾಸ್ತಿ ಇರಬಹುದು. ನಮ್ಮ ಐಐಎಸ್‌ಸಿಯ ಆರ್. ಸುಕುಮಾರ್ ಮತ್ತು ಜೊತೆಗಾರರು 1993ರಲ್ಲಿ ನೀಲಗಿರಿಯ ಜೌಗಿನ ಕೊಳೆತ ಗಿಡಗಳಲ್ಲಿ ಕಾರ್ಬನ್‌ನ ಭಾರದ ರೂಪ ಎಷ್ಟು, ಹಗುರ ರೂಪ ಎಷ್ಟು ಅಂತ ಅಳೆದು, ಸುಮಾರು 20,000 ವರ್ಷದಿಂದ ಅಲ್ಲಿ ಯಾವ ಕಾಲಕ್ಕೆ ಒಣ ಹುಲ್ಲು ಹಬ್ಬಿತ್ತು, ಯಾವ ಕಾಲಕ್ಕೆ ತೇವದ ಗಿಡಮರ ಹಬ್ಬಿತ್ತು ಅಂತ ತೋರಿಸಿದರು. ಒಂದೇ ಒಂದು ಉಂಗುರ ಎಣಿಸದೆ.

ಮತ್ತೆ ದಿಮ್ಮಿ ಸಿಕ್ಕಿದರೆ ಬಿಸಿಲಿಗೆ ಇಡಬೇಡಿ. ಒದ್ದೆ ಗೋಣಿಚೀಲ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ ನೆರಳಲ್ಲಿಡಿ. ಎತ್ತುವ ಮೊದಲು ಎಷ್ಟು ಅಡಿ ಆಳ, ಮಲಗಿತ್ತಾ ನಿಂತಿತ್ತಾ ಅಂತ ಬರೆದುಕೊಳ್ಳಿ. ಮಲಗಿದ್ದರೆ ಬುಡ ಯಾವ ದಿಕ್ಕಿಗೆ, ತುದಿ ಯಾವ ದಿಕ್ಕಿಗೆ ಅಂತ ಫೋನಿನ ದಿಕ್ಸೂಚಿಯಲ್ಲಿ ನೋಡಿ ಫೋಟೋ ತೆಗೆಯಿರಿ. ಬೇರು ಸಮೇತ ಇದ್ದರೆ ಅಲ್ಲೇ ಬಿದ್ದ ಮರ, ಬೇರಿಲ್ಲದಿದ್ದರೆ ಹೊಳೆ ತಂದದ್ದು ಇರಬಹುದು.

ಬಾವಿಕಟ್ಟೆ (ವಿಜಯನಗರ, ಊರು ಉಡುಪಿ ಕಡೆ)
ಆಯ್ತು, ಅಣ್ಣನಿಗೆ ಇವತ್ತೇ ಫೋನ್ ಮಾಡಿ ಹೇಳ್ತೇನೆ. ಕೆಸರು ಎಷ್ಟು ಬೇಕು?

ಉಂಗುರಎಣಿಕೆ (ಮಲ್ಲೇಶ್ವರ)
ಅರ್ಧರ್ಧ ಅಡಿಗೊಂದು ಮುಷ್ಟಿ ಸಾಕು. ಒಂದೊಂದಕ್ಕೂ ಬೇರೆ ಕವರ್, ಮೇಲೆ ಆಳ ಬರೆಯಿರಿ. ಮೇಲಿನ ಕೆಸರು ಕೆಳಗಿನದಕ್ಕೆ ಬೆರೆಯದ ಹಾಗೆ ಗುದ್ದಲಿಯನ್ನು ಪ್ರತಿ ಸಲ ತೊಳೆದು ತೆಗೆಯಲು ಹೇಳಿ.